ಅಪ್ಪನಿಗೆ ಯಾವ ರೇಜರ್?

ಡ್ಯೂಸೆಲ್ಡಾರ್ಫ್, ಜರ್ಮನಿ

ಪ್ರೀತಿಯ ಅಣ್ಣನಿಗೆ,

ನಾನು ಇಲ್ಲಿ ಕ್ಷೇಮ. ಅಪ್ಪ, ಅಮ್ಮ, ಅತ್ತಿಗೆ, ಪುಟ್ಟಿ ಎಲ್ಲರೂ ಆರಾಮಾಗಿದ್ದೀರಿ ಅಂದುಕೊಂಡಿದ್ದೇನೆ. ಅಪ್ಪನಿಗೆ ಎಪ್ಪತ್ತು ತುಂಬುವ ದಿನಕ್ಕೆ ಇಬ್ಬರೂ ಸೇರಿ ಒಂದು ಒಳ್ಳೆಯ ರೇಜರ್ ಕೊಡಿಸೋಣ ಅಂದಿದ್ದೆಯಲ್ಲ, ಅದನ್ನೇ ಯೋಚಿಸುತ್ತಿದ್ದೆ. ಫೋನಿನಲ್ಲಿ ಅರ್ಧಂಬರ್ಧ ಆಗುತ್ತದೆ ಅಂತ ಕೂತು ಬರೆಯುತ್ತಿದ್ದೇನೆ. ನೀನು ಕಳಿಸಿದ ಫೋಟೊಗಳಲ್ಲಿ ಚಿನ್ನದ ಲೇಪದ್ದು, ಕೊಂಬಿನ ಹಿಡಿಯದ್ದು ಎರಡೂ ಬೇಡ. ಸಾದಾ ಸ್ಟೀಲಿನದು ತಗೊಳ್ಳೋಣ. ಬೆಲೆ ಜಾಸ್ತಿಯೇ, ಆದರೂ ತಗೊಳ್ಳೋಣ.

ಗಡ್ಡ ತೆಗೆಯುವುದು ಎರಡೂ ಬದಿ ಅಂಚಿರುವ ಬ್ಲೇಡು. ಅದು 43 ಮಿಲಿಮೀಟರ್ ಉದ್ದ, 22 ಮಿಲಿಮೀಟರ್ ಅಗಲ, 0.1 ಮಿಲಿಮೀಟರ್ ದಪ್ಪದ ಒಂದು ಚೂರು ತಗಡು. ಇನ್ನೂರು ರೂಪಾಯಿಯ ರೇಜರಿಗೂ ಅದೇ, ಇಪ್ಪತ್ತು ಸಾವಿರದ್ದಕ್ಕೂ ಅದೇ. ಆ ತಗಡನ್ನು ಕೊಂಚ ಬಗ್ಗಿಸಿ, ಅಲುಗಾಡದ ಹಾಗೆ ಹಿಡಿದು, ಅಂಚನ್ನು ಎಷ್ಟು ಬೇಕೋ ಅಷ್ಟೇ ಹೊರಗೆ ಬಿಡುವುದು ರೇಜರಿನ ಕೆಲಸ. 1904ರಲ್ಲಿ ಅಮೆರಿಕದ ಕಿಂಗ್ ಕ್ಯಾಂಪ್ ಜಿಲೆಟ್ ಪೇಟೆಂಟ್ ಪಡೆದಾಗಲೂ ಇದೇ, ಈಗಲೂ ಇದೇ. ಹಾಗಾಗಿ ದುಡ್ಡು ಕೊಡಬೇಕಾದ್ದು ತಲೆಗೆ, ಅಂದರೆ ಬ್ಲೇಡನ್ನು ಹಿಡಿಯುವ ಭಾಗಕ್ಕೆ. ಹಿಡಿ ಕೈಗೆ ಚೆನ್ನಾಗಿ ಸಿಕ್ಕರೆ ಸಾಕು.

ನೀನು ಮೆಚ್ಚಿದ ಕೊಂಬಿನ ಹಿಡಿಯದನ್ನೇ ನೋಡು. ಮ್ಯೂಲೆ ಅಂತ ಇಲ್ಲಿನ ಸ್ಯಾಕ್ಸನಿಯ ಕಂಪನಿ. ಮರ, ಕೊಂಬು, ರಾಳ ಹೀಗೆ ನಾನಾ ಬಗೆಯ ಹಿಡಿ ಮಾಡುತ್ತಾರೆ, ನೋಡಲು ಬಹಳ ಚೆಂದ. ಆದರೆ ಅವರ ಸುಮಾರು ಮಾದರಿಗಳಿಗೆ ಕೂರಿಸುವ ತಲೆ, ಆರ್89 ಅನ್ನುವ ಕಡಿಮೆ ಬೆಲೆಯ ರೇಜರಿನದೇ. ಮೇಲಿನ ದುಡ್ಡೆಲ್ಲ ಹಿಡಿಗೆ ಹೋಯಿತು. ನಮ್ಮ ಬಚ್ಚಲಮನೆಯ ಹಬೆ, ನೀರಿನಲ್ಲಿ ಆ ಕೊಂಬಿನ ಹಿಡಿಯನ್ನು ದಿನಾ ಒರೆಸಿ ಇಡುವವರು ಯಾರು?

ಇಲ್ಲಿಂದ ಸೋಲಿಂಗೆನ್‌ಗೆ ರೈಲಿನಲ್ಲಿ ಅರ್ಧ ಗಂಟೆ ದಾರಿ. ಚಾಕು, ಕತ್ತರಿ, ಕತ್ತಿಗಳಿಗೆ ನೂರಾರು ವರ್ಷಗಳಿಂದ ಹೆಸರಾದ ಊರು. ಅಲ್ಲಿ ತಯಾರಾಗದ ಚಾಕು, ಕತ್ತರಿಯ ಮೇಲೆ ಆ ಊರಿನ ಹೆಸರು ಹಾಕುವಂತಿಲ್ಲ ಅಂತ 1938ರಲ್ಲೇ ಕಾನೂನು ಬಂದಿದೆ. ಕಳೆದ ಶನಿವಾರ ಅಲ್ಲಿಗೆ ಹೋಗಿ ಒಂದು ಹಳೆಯ ಅಂಗಡಿಯಲ್ಲಿ ಎರಡು ರೇಜರ್ ಕೈಗೆ ತಗೊಂಡು ನೋಡಿದೆ. ಒಂದು ಆ ಊರಿನದೇ ಆದ ಮರ್ಕೂರ್ 34ಸಿ, ಸುಮಾರು 40 ಯೂರೊ. ಇನ್ನೊಂದು ಜಪಾನಿನ ಫೆದರ್ ಎಎಸ್-ಡಿ2, ಪೂರ್ತಿ ಸ್ಟೇನ್‌ಲೆಸ್ ಸ್ಟೀಲ್, ಸುಮಾರು 200 ಯೂರೊ.

ಅಂಗಡಿಯವರು ವಯಸ್ಸಾದವರು, ಒಂದಿಷ್ಟೂ ಅವಸರ ಮಾಡಲಿಲ್ಲ. ಎರಡಕ್ಕೂ ಬ್ಲೇಡು ಹಾಕಿ, ತಿರುಪು ಬಿಗಿ ಮಾಡಿ, ತಲೆಯನ್ನು ಪಕ್ಕದಿಂದ ಬೆಳಕಿಗೆ ಹಿಡಿದು ನೋಡು ಅಂದರು. ಬ್ಲೇಡಿನ ಅಂಚು ಎರಡೂ ಬದಿಗೆ ಒಂದೇ ಅಳತೆಯಲ್ಲಿ ಇಣುಕಬೇಕು. ಒಂದು ಕಡೆ ಜಾಸ್ತಿ ಬಂದರೆ ಆ ಕಡೆ ಕುಯ್ಯುತ್ತದೆ, ಇನ್ನೊಂದು ಕಡೆ ಕೂದಲು ಉಳಿಯುತ್ತದೆ. ಅಪ್ಪನ ಈಗಿನ ರೇಜರಿನಲ್ಲಿ ಆಗುತ್ತಿರುವುದು ಇದೇ ಅಲ್ವಾ? ಫೆದರ್‌ನಲ್ಲಿ ಎರಡೂ ಬದಿ ಒಂದೇ ಗೆರೆ ಎಳೆದಂತೆ ಇತ್ತು. ತಿರುಪು ಎಲ್ಲೂ ಕಚ್ಚದೆ ನುಣ್ಣಗೆ ತಿರುಗಿ ನಿಂತಿತು. ಮರ್ಕೂರ್ ಕೂಡ ಚೆನ್ನಾಗಿಯೇ ಇತ್ತು. ಶೇವ್ ಒಂದನ್ನೇ ನೋಡಿದರೆ 40 ಯೂರೊದ್ದೇ ಧಾರಾಳ ಸಾಕು.

ಹಾಗಿದ್ದೂ ನಾನು ಸ್ಟೀಲು ಅನ್ನುವುದಕ್ಕೆ ಕಾರಣ ಬೇರೆ. 40 ಯೂರೊದ್ದರ ತಲೆ ಸತುವಿನ ಮಿಶ್ರಲೋಹವನ್ನು ಅಚ್ಚಿಗೆ ಹೊಯ್ದು ಮಾಡಿದ್ದು, ಮೇಲೆ ಕ್ರೋಮ್ ಲೇಪ. ಲೇಪ ಗಟ್ಟಿಯಾಗಿರುವವರೆಗೆ ತೊಂದರೆ ಇಲ್ಲ. ಎಲ್ಲಾದರೂ ಚಕ್ಕೆ ಎದ್ದರೆ ಒಳಗೆ ನೀರಿಳಿದು ಲೋಹ ತಿನ್ನಲು ಶುರುವಾಗುತ್ತದೆ. ಕಲ್ಲಿನ ನೆಲಕ್ಕೆ ಬಿದ್ದರೆ ತಿರುಪಿನ ಕಡ್ಡಿ ಮುರಿಯಬಹುದು, ಅದನ್ನು ಮತ್ತೆ ಅಂಟಿಸಲಾಗುವುದಿಲ್ಲ. ಅಪ್ಪನ ಕೈ ಈಗ ಮುಂಚಿನ ಹಾಗಿಲ್ಲ, ಸೋಪು ಹತ್ತಿದ ರೇಜರ್ ಜಾರುತ್ತದೆ ಅಂತ ಅಮ್ಮನೇ ಹೇಳಿದ್ದಾರೆ. ಸ್ಟೀಲಿಗೆ ಕ್ರೋಮ್ ಲೇಪ ಇಲ್ಲ, ಹಾಗೆ ಏಳುವ ಚಕ್ಕೆಯೂ ಇಲ್ಲ.

ಇನ್ನೊಂದು ಮಾತು. ಫೆದರ್ ರೇಜರ್ ಮುಖದ ಮೇಲೆ ಮೆದು ಅಂತ ಹೆಸರಾದದ್ದು, ಬ್ಲೇಡಿನ ಅಂಚು ಹೊರಗೆ ಬರುವುದೇ ಕಡಿಮೆ. ಒತ್ತಾದ ಗಡ್ಡದ ಹುಡುಗರಿಗೆ ಸಾಲದು ಅನ್ನಿಸೀತು. ಅಪ್ಪನ ಕುತ್ತಿಗೆಯ ಚರ್ಮ ಸಡಿಲವಾಗಿದೆ, ಅವರಿಗೆ ಇಂಥದ್ದೇ ಸರಿ. ಆದರೆ ಇದರ ಜೊತೆ ಬರುವ ಫೆದರ್ ಬ್ಲೇಡು ಮಹಾ ಹರಿತ. ಶುರುವಿಗೆ ತಮ್ಮ ಮಾಮೂಲಿ ಟೋಪಾಜ್ ಬ್ಲೇಡನ್ನೇ ಹಾಕಿಕೊಳ್ಳಲಿ. ಹಳೆಯ ಹಗುರ ರೇಜರ್ ಒತ್ತಿ ಒತ್ತಿ ಅವರಿಗೆ ಅಭ್ಯಾಸ. ಇದು ಭಾರ ಇದೆ, ಒತ್ತುವುದೇ ಬೇಡ, ಸುಮ್ನೆ ಮೇಲಿಟ್ಟು ಎಳೆದರೆ ಸಾಕು. ಮೊದಲ ದಿನ ನೀನು ಪಕ್ಕದಲ್ಲಿರು.

ತಲೆಯನ್ನೇ ಬಿಸಾಡಿ ಹೊಸದು ಹಾಕುವ ಕಾರ್ಟ್ರಿಜ್‌ನ ದುಡ್ಡು ಉಳಿಯುತ್ತದೆ ಅಂತ ನೀನು ಲೆಕ್ಕ ಹೇಳಿದ್ದೆ. ಅದು ನಿನಗೆ, ನನಗೆ ಹೊಂದುತ್ತದೆ. ಅಪ್ಪ ಮೊದಲಿಂದಲೂ ಕೆಲವೇ ರೂಪಾಯಿಯ ಬ್ಲೇಡು ಹಾಕುವವರು, ಅವರಿಗೆ ಉಳಿಯುವುದು ಏನೂ ಇಲ್ಲ. ಇದು ಖರ್ಚೇ, ಖರ್ಚು ಅಂತಲೇ ಮಾಡೋಣ. ನಮ್ಮಿಬ್ಬರ ಫೀಸು ಕಟ್ಟಿದ ಮನುಷ್ಯ ತಮಗೆ ಅಂತ ಒಂದು ಬೆಲೆಬಾಳುವ ವಸ್ತು ಕೊಂಡದ್ದು ನನಗಂತೂ ನೆನಪಿಲ್ಲ. ದಿನಾ ಬೆಳಿಗ್ಗೆ ಕೈಗೆ ಬರುವ ಒಂದು ವಸ್ತು ಒಳ್ಳೆಯದಿರಲಿ.

ಬೆಲೆ ಎಷ್ಟು ಅಂತ ಕೇಳಿಯೇ ಕೇಳುತ್ತಾರೆ. ಸುಳ್ಳು ಹೇಳುವುದು ಬೇಡ. ಬೈದರೆ ಬೈಯಲಿ, ಆಮೇಲೆ ಬಳಸುತ್ತಾರೆ.

ನಿನ್ನ ಪಾಲು ಹತ್ತು ಸಾವಿರದ ಆಸುಪಾಸು ಆಗುತ್ತದೆ. ಈಗ ಕೈ ಬಿಗಿ ಇದ್ದರೆ ಸಂಕೋಚ ಮಾಡಬೇಡ, ನಾನು ಕೊಟ್ಟಿರುತ್ತೇನೆ. ಶುಕ್ರವಾರದೊಳಗೆ ಒಂದು ಮಾತು ತಿಳಿಸು, ಮತ್ತೆ ಹೋಗಿ ತಂದಿಡುತ್ತೇನೆ. ಊರಿಗೆ ಬರುವಾಗ ಬ್ಲೇಡನ್ನು ಚೆಕ್-ಇನ್ ಬ್ಯಾಗಿನಲ್ಲೇ ಹಾಕಬೇಕು, ಅದನ್ನು ನಾನು ನೋಡಿಕೊಳ್ಳುತ್ತೇನೆ. ಅಪ್ಪನ ಹಳೆಯ ರೇಜರನ್ನು ಮಾತ್ರ ಯಾರೂ ಗುಜರಿಗೆ ಹಾಕಬೇಡಿ ಅಂತ ಅಮ್ಮನಿಗೆ ಹೇಳು. ಅಪ್ಪನಿಗೆ ಹೊಸದು ಕೈಗೆ ಹೊಂದುವವರೆಗೆ ಅದು ಬೇಕಾಗುತ್ತದೆ.

ಅಪ್ಪ ಅಮ್ಮನಿಗೆ ನಮಸ್ಕಾರ. ಪುಟ್ಟಿಗೆ ಮುತ್ತು.

ನಿನ್ನ ತಮ್ಮ