ಫ್ಲೋರ್‌ಬಾಲ್ ಕೆಳ ಡಿವಿಷನ್ ಪಂದ್ಯಗಳ ಪ್ರಸಾರ ಅರ್ಧಕ್ಕೇ ನಿಲ್ಲಿಸಿದ ಬಗ್ಗೆ ದೂರು

ಇವರಿಂದ,
ನಿಮ್ಮ ಆ್ಯಪ್‌ನ ಚಂದಾದಾರ
ಜಯನಗರ, ಬೆಂಗಳೂರು

ಇವರಿಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ

ವಿಷಯ: ಟೂರ್ನಿ ಪಾಸ್ ಹಣ ವಾಪಸ್ ಕೊಡುವ ಮತ್ತು ಪೂರ್ತಿ ಪಂದ್ಯಗಳ ವಿಡಿಯೊ ಹಾಕುವ ಬಗ್ಗೆ

ಮಾನ್ಯರೇ,

ಪುರುಷರ ಅಂತಾರಾಷ್ಟ್ರೀಯ ಫ್ಲೋರ್‌ಬಾಲ್ (ಒಳಾಂಗಣದಲ್ಲಿ ಆಡುವ ಹಾಕಿಯಂಥ ಆಟ) ಟೂರ್ನಿಯ ಕೆಳ ಡಿವಿಷನ್ ಪಂದ್ಯಗಳನ್ನು ನೋಡಲೆಂದೇ ₹499 ಕೊಟ್ಟು ನಿಮ್ಮ ಪಾಸ್ ತೆಗೆದುಕೊಂಡೆ. ‘ಎಲ್ಲಾ ಪಂದ್ಯಗಳೂ ಪೂರ್ತಿ, ನೇರಪ್ರಸಾರ’ ಎಂದು ನೀವೇ ದೊಡ್ಡದಾಗಿ ಹಾಕಿದ್ದಿರಿ. ಮೇಲಿನ ಡಿವಿಷನ್ ಪಂದ್ಯಗಳು ಚೆನ್ನಾಗಿಯೇ ಬಂದವು. ಕೆಳ ಡಿವಿಷನ್‌ನಲ್ಲಿ ನಾನು ನೋಡಲು ಕೂತ ಒಂದು ಪಂದ್ಯವೂ ಕೊನೆಯವರೆಗೆ ಬರಲಿಲ್ಲ.

ಪಂದ್ಯ ಶುರುವಾಗಿ ಸರಿಯಾಗಿ ಎರಡು ಗಂಟೆ ಆಗುತ್ತಲೇ ‘ಪ್ರಸಾರ ಮುಗಿದಿದೆ’ ಎಂದು ಬರುತ್ತದೆ, ಪರದೆ ಕಪ್ಪಾಗುತ್ತದೆ. ಈ ಆಟ ಗೊತ್ತಿದ್ದವರು ಯಾರೂ ಎರಡೇ ಗಂಟೆಯ ಸ್ಲಾಟ್ ಇಡುವುದಿಲ್ಲ. 20 ನಿಮಿಷದ ಮೂರು ಅವಧಿ ನಿಜ. ಆದರೆ ರೆಫರಿ ಸೀಟಿ ಊದಿ ಆಟ ನಿಲ್ಲಿಸಿದಾಗ ಗಡಿಯಾರವೂ ನಿಲ್ಲುತ್ತದೆ. ನಡುವೆ ಎರಡು ವಿರಾಮ ಬೇರೆ. 60 ನಿಮಿಷದ ಆಟ ಎರಡು ಗಂಟೆ ದಾಟಬಹುದು ಅನ್ನುವುದು ನಿಮಗೆ ಮೊದಲೇ ಗೊತ್ತಿರಬೇಕಿತ್ತು.

ಒಂದು ಪಂದ್ಯದ ಕಥೆ ಕೇಳಿ. ಕೊನೆಯ ಅವಧಿ. ಒಂದು ಗೋಲು ಹಿಂದಿದ್ದ ತಂಡ ಗೋಲ್‌ಕೀಪರನ್ನು ಹೊರಗೆ ಕರೆದು, ಅವನ ಬದಲು ಆರನೇ ಫೀಲ್ಡ್ ಆಟಗಾರನನ್ನು ಇಳಿಸಿತು. ಗೋಲು ಖಾಲಿ. ಚೆಂಡು ಅಂಕಣದ ಸುತ್ತ ಇರುವ ಹಲಗೆಯ ದುಂಡನೆ ಮೂಲೆಗೆ ತಾಗಿ ವಾಪಸ್ ಉರುಳಿ ಬಂತು. ಅಲ್ಲಿದ್ದವನು ಹೊಡೆಯಲು ಸ್ಟಿಕ್ ಎತ್ತಿದ. ಅಷ್ಟಕ್ಕೇ ಕಟ್! ನಮ್ಮ ಮನೆಯಲ್ಲಿ ಟಿವಿ ಮುಂದೆ ಕೂತಿದ್ದ ಹುಡುಗರೆಲ್ಲ ಒಟ್ಟಿಗೆ ಕೂಗಿಕೊಂಡರು. ಏನಾಯಿತು ಅಂತ ಆಮೇಲೆ ಬೇರೆ ಕಡೆ ಸ್ಕೋರ್ ಹುಡುಕಿ ತಿಳಿದುಕೊಂಡೆವು.

ಚಿತ್ರದ ಗುಣಮಟ್ಟವೂ ಅಷ್ಟೇ. ಕೆಳ ಡಿವಿಷನ್‌ಗೆ ಒಂದೇ ಕ್ಯಾಮೆರಾ ಇಟ್ಟಿದ್ದರು, ಅದು ಆಯೋಜಕರ ವಿಚಾರ, ಅದಕ್ಕೆ ನಿಮ್ಮನ್ನು ದೂರುವುದಿಲ್ಲ. ಆದರೆ 360ಪಿ ಮೇಲೆ ಆಯ್ಕೆಯೇ ಕೊಡದಿದ್ದರೆ ಹೇಗೆ? ಚೆಂಡು 72 ಮಿ.ಮೀ. ಅಗಲ, ಮೈತುಂಬ ತೂತು, ತೂಕ ಬರೀ 23 ಗ್ರಾಂ. 40 ಮೀಟರ್ ಉದ್ದದ ಅಂಕಣದಲ್ಲಿ ಅದು ಕಾಣುವುದೇ ಇಲ್ಲ. ಆಟಗಾರರು ಸುಮ್ನೆ ಓಡಾಡಿದ ಹಾಗಿರುತ್ತದೆ.

ಚಾಟ್‌ನಲ್ಲಿ ದೂರಿದೆ. ‘ಕೆಳ ಹಂತದ ಪಂದ್ಯಗಳನ್ನು ನೋಡುವವರು ಕಡಿಮೆ’ ಎಂದು ಹೇಳಿ, ಮೇಲಿನ ಡಿವಿಷನ್ ಹೈಲೈಟ್ಸ್ ಲಿಂಕ್ ಕಳಿಸಿದರು. ಈ ಉತ್ತರವೇ ನನಗೆ ಜಾಸ್ತಿ ಬೇಜಾರು ತಂದದ್ದು. 1996ರಿಂದ 2024ರವರೆಗೆ ಪುರುಷರ ವಿಶ್ವ ಚಾಂಪಿಯನ್ ಪಟ್ಟ ಸ್ವೀಡನ್ ಇಲ್ಲವೇ ಫಿನ್ಲೆಂಡ್ ಪಾಲಾಗಿದೆ. ಅವರ ಆಟ ನೋಡಲು ಚೆಂದ, ಒಪ್ಪುತ್ತೇನೆ. ಆದರೆ ನಾವು ಬಾಡಿಗೆಗೆ ಬ್ಯಾಡ್ಮಿಂಟನ್ ಕೋರ್ಟ್ ಹಿಡಿದು, ಹಲಗೆಯ ಬದಲು ಬೆಂಚು ಮಲಗಿಸಿ ಆಡುವವರು. ಈಗಷ್ಟೇ ಕಲಿಯುತ್ತಿರುವ ದೇಶದ ತಂಡ ಪಾಸ್ ತಪ್ಪಿದಾಗ ಹೇಗೆ ಹಿಂದೆ ಓಡುತ್ತದೆ, ಸ್ಟಿಕ್ಕೇ ಇಲ್ಲದ ಗೋಲ್‌ಕೀಪರ್ ಮಂಡಿಯೂರಿ ಹೇಗೆ ಅಡ್ಡ ಬೀಳುತ್ತಾನೆ ಅನ್ನುವುದನ್ನು ನಮ್ಮ ಹುಡುಗರು ಕಲಿಯುವುದು ಆ ಪಂದ್ಯಗಳಿಂದಲೇ. ಆ ಆಟಗಾರರು ಕೂಡ ತಮ್ಮ ದೇಶದ ಜೆರ್ಸಿ ಹಾಕಿಯೇ ಇಳಿದಿರುತ್ತಾರೆ, ಅಲ್ವಾ? ನೋಡುವವರು ಕಡಿಮೆ ಎಂದಾದರೆ ಪಾಸ್ ಮಾರುವಾಗಲೇ ಹೇಳಬೇಕಿತ್ತು.

ನನ್ನ ₹499 ವಾಪಸ್ ಕೊಡಿ. ಕೆಳ ಡಿವಿಷನ್‌ನ ಎಲ್ಲಾ ಪಂದ್ಯಗಳನ್ನೂ, ಪೆನಾಲ್ಟಿ ಹೊಡೆತಗಳವರೆಗೆ ಹೋದವು ಸೇರಿದಂತೆ, ಪೂರ್ತಿಯಾಗಿ, ಚೆಂಡು ಕಾಣುವಷ್ಟು ಸ್ಪಷ್ಟವಾಗಿ ಆ್ಯಪ್‌ನಲ್ಲಿ ಹಾಕಿ. ಮುಂದಿನ ಟೂರ್ನಿಗೆ ಸ್ಲಾಟ್ ಸಮಯ ಹೆಚ್ಚಿಸಿ. ಅದು ಆಗದಿದ್ದರೆ ಜಾಹೀರಾತಿನಿಂದ ‘ಪೂರ್ತಿ’ ಎನ್ನುವ ಮಾತು ತೆಗೆಯಿರಿ.

15 ದಿನದೊಳಗೆ ಲಿಖಿತ ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುತ್ತೇನೆ. ಪಾವತಿ ರಸೀದಿ, ನಿಮ್ಮ ಜಾಹೀರಾತು ಮತ್ತು ಚಾಟ್‌ನ ಸ್ಕ್ರೀನ್‌ಶಾಟ್ ಲಗತ್ತಿಸಿದ್ದೇನೆ.

ಇಂತಿ,
ನಿಮ್ಮ ಚಂದಾದಾರ