ಬಿಯರ್ ಕಂಪನಿಗಳ ಹಳೆಯ ಷೇರುಪತ್ರ: ಕೊಳ್ಳುವ ಮುನ್ನ

ಮಾನ್ಯ ಸಂಪಾದಕರೇ,

ಅಮೆರಿಕಕ್ಕೆ ವಲಸೆ ಹೋದ ಜರ್ಮನ್ನರು ಕಟ್ಟಿದ ಬಿಯರ್ ಕಂಪನಿಗಳ ಹಳೆಯ ಷೇರುಪತ್ರಗಳನ್ನು ಆನ್‌ಲೈನ್‌ನಲ್ಲಿ ಕೊಳ್ಳುವ ಹವ್ಯಾಸಿಗಳು ನಮ್ಮಲ್ಲೂ ಇದ್ದಾರೆ. 1844ರಲ್ಲಿ ಜೇಕಬ್ ಬೆಸ್ಟ್ ಮಿಲ್ವಾಕಿಯಲ್ಲಿ ಆರಂಭಿಸಿ, ಮುಂದೆ ಪಾಬ್ಸ್ಟ್ ಆದ ಕಂಪನಿ ಇಂಥದ್ದೇ. 1920ರ ಪಾನನಿಷೇಧದಿಂದ ಎಷ್ಟೋ ಕಂಪನಿಗಳು ಮುಚ್ಚಿದವು. ಅವುಗಳ ಷೇರಿಗೆ ಈಗ ಸಂಗ್ರಹಯೋಗ್ಯ ಹಳೆಯ ಕಾಗದವಾಗಿ ಮಾತ್ರ ಬೆಲೆ.

ಮೊದಲು ಅಸಲಿಯೇ ನೋಡಿ. ಉಕ್ಕಿನ ಅಚ್ಚಿನಲ್ಲಿ ಕೆತ್ತಿ ಮುದ್ರಿಸಿದ ಪತ್ರದ ಚಿತ್ರದ ಮೇಲೆ ಬೆರಳಾಡಿಸಿದರೆ ಶಾಯಿ ಉಬ್ಬಿರುವುದು ತಿಳಿಯುತ್ತದೆ. ಹತ್ತು ಪಟ್ಟಿನ ಭೂತಗನ್ನಡಿಯಲ್ಲಿ ಗೆರೆಗಳ ಬದಲು ಬಣ್ಣದ ಚುಕ್ಕೆಗಳು ಕಂಡರೆ ಅದು ಇತ್ತೀಚಿನ ನಕಲು. ಸಾದಾ ಲಿಥೋ ಮುದ್ರಣದ (ಕೆತ್ತನೆಯಿಲ್ಲದ ಸಮತಟ್ಟು ಅಚ್ಚಿನ) ಅಸಲಿಗಳೂ ಇವೆ. ಅವುಗಳಲ್ಲಿ ಉಬ್ಬು ಹುಡುಕಬೇಡಿ, ಕೈಬರಹದ ಶಾಯಿ ಕಾಗದದೊಳಗೆ ಇಳಿದಿದೆಯೇ ನೋಡಿ. ಯುದ್ಧನೌಕೆಯ ಚಿತ್ರವಿರುವ ತೆರಿಗೆ ಸ್ಟಾಂಪು 1898ರ ಯುದ್ಧ ತೆರಿಗೆಯದು. ಪತ್ರದ ದಿನಾಂಕ ಅದಕ್ಕಿಂತ ಹಿಂದಿನದಾದರೆ ಗಾಬರಿ ಬೇಡ. ಷೇರು ಕೈ ಬದಲಿಸಿದಾಗ ಅಂಟಿಸಿದ್ದಿರಬಹುದು. ಹಿಂಬದಿಯ ವರ್ಗಾವಣೆ ಸಹಿ, ದಿನಾಂಕ ತಾಳೆ ನೋಡಿ.

ಷೇರು ರದ್ದಾದಾಗ ಪತ್ರಕ್ಕೆ ಹೊಡೆದ ತೂತು ದೋಷವಲ್ಲ. ಅದು ಸಂಸ್ಥಾಪಕರ ಸಹಿಯ ಮೇಲೇ ಬಿದ್ದಿದ್ದರೆ ಮಾತ್ರ ಬೆಲೆ ಇಳಿಸಿ ಕೇಳಿ.

ಲ್ಯಾಮಿನೇಷನ್ ಖಂಡಿತ ಬೇಡ, ಬಿಡಿಸಲಾಗದು. ಸೆಲ್ಲೋ ಟೇಪಿನ ಅಂಟು ಕ್ರಮೇಣ ಹಳದಿಯಾಗಿ ಕಾಗದಕ್ಕೆ ಇಳಿಯುತ್ತದೆ. ಪಿವಿಸಿ ಕವರಿಗೆ ಶಾಯಿ ಅಂಟಿಕೊಳ್ಳುತ್ತದೆ. ಪಾಲಿಯೆಸ್ಟರ್ ಕವರ್ ಬಳಸಿ, ಹಿಂದೆ ಆಮ್ಲರಹಿತ ರಟ್ಟು ಇಡಿ. ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ಹೊರಗೋಡೆಗೆ ತಾಗಿದ ಬೀರುವಿನಲ್ಲಿ ಇವನ್ನು ಇಡಲೇಬಾರದು.

– ಹಳೆಯ ಕಾಗದಪತ್ರಗಳ ಸಂಗ್ರಾಹಕರು, ಮೈಸೂರು