ಟೈಪ್ ಮಾಡಿಕೊಟ್ಟ ಅಕ್ಕನಿಗೆ

ಸಾಗರದ ನಮ್ಮ ಬರಹಗಾರರ ಬಳಗದ ಮೊದಲ ಸಂಕಲನ ಅಚ್ಚಾಗಿ ಬಂದಿದೆ. ಅದನ್ನು ಟೈಪ್ ಮಾಡಿಕೊಟ್ಟ ಡಿಟಿಪಿ ಅಂಗಡಿಯ ಅಕ್ಕ, ತಮ್ಮ ಹೆಸರು ಹಾಕಬೇಡಿ ಅಂದಿದ್ದಾರೆ. ಹಾಕುವುದಿಲ್ಲ. ಆದರೆ ಸುಮ್ನೆ ಇರಲು ಮನಸ್ಸು ಒಪ್ಪುತ್ತಿಲ್ಲ.

ನಮ್ಮಲ್ಲಿ ಎಲ್ಲ ಥರದವರೂ ಇದ್ದಾರೆ. ಶ್ರೀಗಂಧದಲ್ಲಿ ಕೆತ್ತನೆ ಮಾಡುವ ಗುಡಿಗಾರರು, ಒಬ್ಬ ನರ್ಸ್, ನೀನಾಸಂ ನಾಟಕ ನೋಡುತ್ತಲೇ ಬೆಳೆದ ಹೆಗ್ಗೋಡು ಕಡೆಯ ಹುಡುಗರು. ಅಡಿಕೆ ಮರ ಹತ್ತುವ ಕೊನೆಗಾರರೊಬ್ಬರು ಕಥೆ ಬರೆಯುವುದು ಹಳೇ ಲೆಕ್ಕದ ಪುಸ್ತಕದಲ್ಲಿ. ಪುಟದ ತುಂಬ ಚೊಗರಿನ, ಅಂದರೆ ಅಡಿಕೆ ಬೇಯಿಸಿದ ಕೆಂಪು ನೀರಿನ ಕಲೆ, ಪೆನ್ಸಿಲ್ ಅಕ್ಷರ ಅರ್ಧ ಅಳಿಸಿಹೋಗಿತ್ತು. ಅಕ್ಕ ಊಹಿಸಿ ತುಂಬಿಸಲಿಲ್ಲ. ಓದಲಾಗದ ಸಾಲು ಬಂದಾಗಲೆಲ್ಲ ಅವರಿಗೇ ಫೋನ್ ಮಾಡಿ ಕೇಳಿದರು.

ಇನ್ನೊಬ್ಬರು ಅಜ್ಜಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಹಿನ್ನೀರು ಏರಿದಾಗ ಊರು ಕಳೆದುಕೊಂಡವರು. ಅವರಿಗೆ ಬರೆಯಲು ಬರುವುದಿಲ್ಲ, ಹೇಳಲು ಚೆನ್ನಾಗಿ ಬರುತ್ತದೆ. ನಾವು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೊಟ್ಟೆವು. ಅದರಲ್ಲಿ ಹಂಚಿನ ಮೇಲೆ ಮಳೆ ಬೀಳುವ ಸದ್ದೇ ಜಾಸ್ತಿ. ಅಕ್ಕ ಅಂಗಡಿ ಬಾಗಿಲು ಹಾಕಿದ ಮೇಲೆ ಕೂತು, ಮತ್ತೆ ಮತ್ತೆ ಕೇಳಿ ಟೈಪ್ ಮಾಡಿದರು. ಮನೆ ಬಿಡುವ ದಿನ ಅಪ್ಪ ಬಾಗಿಲಿನ ದಾರಂದ ಕಿತ್ತು ಗಾಡಿಗೆ ಹೇರಿದ್ದನ್ನು ಅಜ್ಜಿ ಹೇಳಿದ ಹಾಗೇ ಉಳಿಸಿದ್ದಾರೆ. ಇಡೀ ಪುಸ್ತಕದಲ್ಲಿ ನನಗೆ ತುಂಬಾ ಇಷ್ಟವಾದ ಪುಟ ಅದು. ಓದಿ ಹೇಳಿದಾಗ ಅಜ್ಜಿ, "ಹೌದು, ಹಿಂಗೇ ಆಗಿದ್ದು" ಅಂದರು.

ದುಡ್ಡು ಕೊಡಲು ಹೋದರೆ ಕಾಗದದ ಖರ್ಚಷ್ಟೇ ತೆಗೆದುಕೊಂಡರು.

ಅಕ್ಕಾ, ಬಳಗದ ಎಲ್ಲರ ಪರವಾಗಿ ನಿಮಗೆ ಧನ್ಯವಾದ. ಮುಂದಿನ ಸಂಕಲನಕ್ಕೆ ನೀವೂ ಏನಾದರೂ ಬರೆಯಬೇಕು. ಇಲ್ಲ ಅನ್ನಬೇಡಿ.